ತಟ್ಟೆಯೇ ಬೇರೆ, ಹೊಟ್ಟೆಯೇ ಬೇರೆ

ಕೇಳುಗರಿಗೆಲ್ಲ ನಮಸ್ಕಾರ. ನೇರಳೆ ಹಣ್ಣಿನ ಕಾಲ ಬಂತೆಂದರೆ ನನ್ನ ಫೋನಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ: "ನೇರಳೆ ರಸಕ್ಕೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ, ವಿಜ್ಞಾನಿಗಳೇ ಹೇಳಿದ್ದಾರೆ." ಈ ಸಲ ಕಳಿಸಿದವರು ನಮ್ಮ ಚಿಕ್ಕಮ್ಮ. "ಇಷ್ಟು ವರ್ಷ ಲ್ಯಾಬಿನಲ್ಲಿ ಏನು ಮಾಡ್ತಿದ್ದೆ, ನಮಗೆ ಹೇಳಲೇ ಇಲ್ಲವಲ್ಲ?" ಅಂತ ಕೆಳಗೊಂದು ಗದರಿಕೆ ಬೇರೆ.

ಸಂದೇಶ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ನೇರಳೆ, ಬ್ಲೂಬೆರಿ, ಕಪ್ಪು ರಾಸ್ಪ್‌ಬೆರಿ, ಇವುಗಳಿಗೆ ಆ ಬಣ್ಣ ಕೊಡುವ ವಸ್ತು ಆಂಥೋಸಯಾನಿನ್. ಇಂಥ ಹಣ್ಣುಗಳ ಸಾರ ಹಾಕಿದರೆ ಕ್ಯಾನ್ಸರ್ ಕೋಶಗಳು ಸಾಯುವುದನ್ನು ನಾನೇ ಕಂಡಿದ್ದೇನೆ. ಎಲ್ಲಿ? ಲ್ಯಾಬಿನ ತಟ್ಟೆಯಲ್ಲಿ. ತಟ್ಟೆಯೇ ಬೇರೆ, ಹೊಟ್ಟೆಯೇ ಬೇರೆ.

ಅಳಗುಳಿ ಮಣೆ ನೋಡಿದ್ದೀರಲ್ಲ? ಅದರಲ್ಲಿ 14 ಗುಳಿ. ನಮ್ಮದು ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96. ಒಂದೊಂದರಲ್ಲೂ ಎರಡು-ಮೂರು ಹನಿ ಗುಲಾಬಿ ಬಣ್ಣದ ದ್ರವ, ತಳದಲ್ಲಿ ಕೋಶಗಳು. ನಾವು ಬಳಸಿದ್ದು ಹೀಲಾ ಕೋಶ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕೊರಳಿನ ಗೆಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದದ್ದು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇವತ್ತಿಗೂ ಬೆಳೆಯುತ್ತಲೇ ಇವೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಊರಿನ ಮರದಿಂದ ಒಂದು ಚೀಲ ನೇರಳೆ ತಂದಳು. ಅರ್ಧ ನಾವೇ ತಿಂದೆವು, ಅದು ಬೇರೆ ಮಾತು. ಉಳಿದದ್ದನ್ನು ಕಿವುಚಿ, ಎಥನಾಲ್‌ನಲ್ಲಿ ನೆನೆಸಿ, ಸೋಸಿ ಗುಳಿಗಳಿಗೆ ಬಿಟ್ಟಳು. ಮರುದಿನ ಓಡಿ ಬಂದಳು. "ಮೇಡಂ, ಎಲ್ಲಾ ಸತ್ತಿವೆ!" ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದೆ. ಬದುಕಿದ ಕೋಶ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಇವು ಸಾಬೂದಾಣಿಯ ಹಾಗೆ ದುಂಡಗಾಗಿ ತೇಲುತ್ತಿದ್ದವು. ಪಕ್ಕದ ಕೋಣೆಯವರು ಪತ್ರಿಕೆಗೆ ಫೋನ್ ಮಾಡೋಣ ಅಂದರು!

"ಬರೀ ಎಥನಾಲ್ ಬಿಟ್ಟ ಗುಳಿ ಯಾವುದಮ್ಮ?" ಅಂದೆ. ಬಿಟ್ಟೇ ಇರಲಿಲ್ಲ. ಬಿಡಿಸಿದೆ. ಅಲ್ಲೂ ಅದೇ ಸಾಬೂದಾಣಿ! ಕೊಂದದ್ದು ಹಣ್ಣಲ್ಲ, ಅದು ನೆನೆದಿದ್ದ ಆಲ್ಕೋಹಾಲು.

ಹುಡುಗಿ ಅತ್ತಳು, ಮತ್ತೆ ಕೂತಳು. ಎಥನಾಲ್ ಹಾರಿಸಿ ಹೊಸದಾಗಿ ಮಾಡಿದಳು. ಈ ಸಲ ಒಂದು ಹಳದಿ ಬಣ್ಣದ ಪರೀಕ್ಷೆ. ಜೀವಂತ ಕೋಶ ಆ ಹಳದಿಯನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ನೋಡಿದರೆ ಎಲ್ಲ ಗುಳಿಯೂ ನೇರಳೆ, ಕೋಶವೇ ಇಲ್ಲದ ಗುಳಿ ಕೂಡ! ಹಣ್ಣಿನಲ್ಲಿದ್ದ ಆಂಥೋಸಯಾನಿನ್‌ನಂಥ ಆಂಟಿಆಕ್ಸಿಡೆಂಟುಗಳೇ ಆ ಕೆಲಸ ಮಾಡಿಬಿಟ್ಟಿದ್ದವು. ಮೂರನೇ ಸಲ ಸಾರವನ್ನೆಲ್ಲ ತೊಳೆದು ತೆಗೆದು, ಆಮೇಲೆ ಬಣ್ಣ ಹಾಕಿದಳು. ಆಗ ಸಿಕ್ಕಿತು ಉತ್ತರ. ಹೌದು, ಹಣ್ಣಿನ ಸಾರಕ್ಕೇ ಕೋಶ ಸತ್ತಿದ್ದವು.

ಆದರೆ ಅಷ್ಟು ಗಟ್ಟಿ ಸಾರ ನಿಮ್ಮ ರಕ್ತದಲ್ಲಿ ಎಂದಿಗೂ ಸೇರುವುದಿಲ್ಲ. ಬುಟ್ಟಿಗಟ್ಟಲೆ ತಿನ್ನಿ, ಆಂಥೋಸಯಾನಿನ್ ಬಹುಪಾಲು ಕರುಳಿನಲ್ಲೇ ಒಡೆದು ಬೇರೇನೋ ಆಗುತ್ತದೆ. ತಟ್ಟೆಯಲ್ಲಿ ಕರುಳೂ ಇಲ್ಲ, ಯಕೃತ್ತೂ ಇಲ್ಲ. ತಟ್ಟೆಯೇ ಬೇರೆ, ಹೊಟ್ಟೆಯೇ ಬೇರೆ, ಎಷ್ಟು ಸಲ ಹೇಳಲಿ!

ಕಥೆಗೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಒಳ್ಳೆಯದೇ ಆಗಬೇಕೆಂದಿಲ್ಲ. ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ಅಂಥದ್ದೊಂದು ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಹಾಗಂತ ಗಿಡಮರದಲ್ಲಿ ಔಷಧಿಯೇ ಇಲ್ಲ ಅನ್ನುತ್ತಿಲ್ಲ. ನಿಮ್ಮ ಅಂಗಳದ ಕಾಶಿ ಕಣಗಿಲೆಯಿಂದಲೇ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧಿ ಬಂದದ್ದು. ಎಲೆ ಜಗಿದು ಅಲ್ಲ, ಶುದ್ಧ ಮಾಡಿ, ಜನರ ಮೇಲೆ ಪರೀಕ್ಷಿಸಿ, ಅಳತೆ ಗೊತ್ತುಮಾಡಿದ ಮೇಲೆ.

ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ, ಯಾವ ಪುಡಿ, ಯಾವ ಸಾರ ಕೊಡುತ್ತಿದ್ದೀರೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಚಿಕಿತ್ಸೆ ಬಿಟ್ಟು ರಸ ಕುಡಿಸುತ್ತಾ ಕೂರಬೇಡಿ. ಹಣ್ಣು ಬೇಕಾದಷ್ಟು ತಿನ್ನಿ, ಚಿಟಿಕೆ ಉಪ್ಪು ಹಾಕಿಕೊಂಡರೆ ಇನ್ನೂ ರುಚಿ. ಚಿಕ್ಕಮ್ಮ, ನೀವೂ ಕೇಳುತ್ತಿದ್ದೀರಿ ಅಂತ ಗೊತ್ತು. ಫ್ರಿಜ್ಜಿನಲ್ಲಿಟ್ಟಿರುವ ಆ ನೇರಳೆ ರಸದ ಬಾಟಲಿಯನ್ನು ಷರಬತ್ತು ಮಾಡಿಡಿ, ಭಾನುವಾರ ಬರುತ್ತೇನೆ. ನಮಸ್ಕಾರ.