ಊಟ ಆಯ್ತು, ಊಟ ಆಯ್ತಾ

ಕೇಳುಗರಿಗೆ ನಮಸ್ಕಾರ.

ನೀವೀಗ ಅಡುಗೆಮನೆಯಲ್ಲಿದ್ದೀರಿ ಅಂತ ಅಂದುಕೊಳ್ಳುತ್ತೇನೆ. ರೇಡಿಯೋ ಫ್ರಿಜ್ಜಿನ ಮೇಲಿದೆ, ಒಲೆ ಮೇಲೆ ಏನೋ ಕುದಿಯುತ್ತಿದೆ. ಒಂದು ಕೆಲಸ ಮಾಡಿ. ಎರಡೂ ಕೈಗೆ ಒಂದೊಂದು ಸೌಟು ತೆಗೆದುಕೊಳ್ಳಿ. ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ ಸೌಟು ಬೀಳಿಸದೆ ಬೆರಳಲ್ಲಿ ಒಂದರಿಂದ ಹತ್ತು ಎಣಿಸಿ ತೋರಿಸಿ ನೋಡೋಣ. ಆಗಲ್ಲ ಅಲ್ವಾ? ಹೆಬ್ಬೆರಳು ಎತ್ತಬಹುದು, ತೋರುಬೆರಳು ಎತ್ತಬಹುದು. ಉಳಿದ ಮೂರು ಬೆರಳು ಬಿಚ್ಚಿದರೆ ಸೌಟು ನೆಲಕ್ಕೆ.

ವರ್ಚುವಲ್ ರಿಯಾಲಿಟಿ, ವಿಆರ್ ಅಂತಾರಲ್ಲ, ಅದರೊಳಗೆ ಹೋದ ಕಿವುಡರ ಕೈಗೆ ಮೊದಮೊದಲು ಸಿಕ್ಕಿದ್ದು ಇಂಥದ್ದೇ ಎರಡು ಸೌಟು.

ವಿಆರ್ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಕಣ್ಣಿಗೆ ಡಬ್ಬಿಯಂಥ ಒಂದು ಹೆಡ್‌ಸೆಟ್ ಕಟ್ಟಿಕೊಳ್ಳುತ್ತೀರಿ. ಒಳಗೆ ಒಂದು ಕೋಣೆಯೋ ತೋಟವೋ ಕಾಣುತ್ತದೆ. ತಲೆ ತಿರುಗಿಸಿದರೆ ಅದೂ ತಿರುಗುತ್ತದೆ. ವಿಆರ್‌ಚಾಟ್‌ನಂಥ ಜಾಗದಲ್ಲಿ ಬೇರೆ ಬೇರೆ ದೇಶದ ಜನ ಒಂದೇ ಕೋಣೆಯಲ್ಲಿ ಸೇರುತ್ತಾರೆ. ಒಬ್ಬರು ಮೊಲ, ಒಬ್ಬರು ರೋಬೋ, ಒಬ್ಬರು ರಾಜಕುಮಾರಿ. ಆ ರೂಪಕ್ಕೆ ಅವತಾರ್ ಅನ್ನುತ್ತಾರೆ, ನಮ್ಮದೇ ಪದ. ನೀವು ಕೈ ಎತ್ತಿದರೆ ನಿಮ್ಮ ಅವತಾರ್ ಕೂಡ ಕೈ ಎತ್ತುತ್ತದೆ. ಕೈ ಎಲ್ಲಿದೆ ಅಂತ ಯಂತ್ರಕ್ಕೆ ತಿಳಿಸುವುದಕ್ಕೇ ಕೈಯಲ್ಲಿ ಎರಡು ಕಂಟ್ರೋಲರ್. ಅದೇ ಸೌಟು.

ನಾನು 20 ವರ್ಷದಿಂದ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಕೆಲಸ ಮಾಡುತ್ತಿದ್ದೇನೆ. ನನ್ನ ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಜೊತೆ ಮಾತಾಡಿ ಮಾತಾಡಿ ಕಲಿತ ಭಾಷೆಯೇ ನನಗೆ ಅನ್ನ ಕೊಟ್ಟಿದ್ದು. ಹಾಗಾಗಿ ಇವತ್ತು ಒಂದೇ ಒಂದು ಮಾತು ಹೇಳುವುದಕ್ಕೆ ಬಂದಿದ್ದೇನೆ, ಅದನ್ನೇ ಮತ್ತೆ ಹೇಳುತ್ತೇನೆ. ಕೈಸನ್ನೆ ಬೇರೆ, ಸನ್ನೆ ಭಾಷೆ ಬೇರೆ.

ಮಹಡಿ ಮೇಲಿಂದ ಹಾಲಿನವನಿಗೆ ಎರಡು ಬೆರಳು ತೋರಿಸುತ್ತೀರಿ, ಎರಡು ಪ್ಯಾಕೆಟ್ ಇಟ್ಟು ಹೋಗುತ್ತಾನೆ. ಅದು ಕೈಸನ್ನೆ. ಸನ್ನೆ ಭಾಷೆಯಲ್ಲಿ ನನ್ನ ಅಕ್ಕ ನೆರೆಮನೆಯವರ ಮೇಲೆ ಚಾಡಿ ಹೇಳುತ್ತಾಳೆ, ಬ್ಯಾಂಕಿನ ಬಡ್ಡಿ ಲೆಕ್ಕ ಹಾಕುತ್ತಾಳೆ, ಸತ್ತ ಅಪ್ಪನನ್ನು ನೆನೆಸಿಕೊಂಡು ಅಳುತ್ತಾಳೆ. ಅದಕ್ಕೆ ವ್ಯಾಕರಣ ಇದೆ. ವಾಷಿಂಗ್ಟನ್ನಿನಲ್ಲಿ ಗ್ಯಾಲಡೆಟ್ ಅಂತ ಕಿವುಡರ ವಿಶ್ವವಿದ್ಯಾಲಯ ಇದೆ, 1864ರಲ್ಲಿ ಕಾಲೇಜಾಗಿ ಶುರುವಾದದ್ದು. ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ವಿಲಿಯಂ ಸ್ಟೋಕಿ ಅನ್ನುವವರು 1960ರಲ್ಲೇ ಇದನ್ನು ತೋರಿಸಿಕೊಟ್ಟರು. ಬೆರಳಿನ ಆಕಾರ, ಕೈ ಇರುವ ಜಾಗ, ಕೈಯ ಚಲನೆ, ಈ ಮೂರರಲ್ಲಿ ಒಂದು ಬದಲಾದರೂ ಪದವೇ ಬದಲಾಗುತ್ತದೆ. ನಾವು ತಲೆ, ಬಲೆ ಅನ್ನುವ ಹಾಗೆ. 1960! ಇವತ್ತಿಗೂ ಸಭೆಗಳಲ್ಲಿ ನನ್ನ ಹತ್ತಿರ ಬಂದು, ಮೇಡಂ, ನಿಮ್ಮ ಆ್ಯಕ್ಷನ್ ಎಲ್ಲ ಚೆನ್ನಾಗಿತ್ತು ಅನ್ನುತ್ತಾರೆ. ಆ್ಯಕ್ಷನ್ ಅಲ್ಲ ಸ್ವಾಮಿ, ಮಾತು.

ಈಗ ಸೌಟಿನ ವಿಷಯಕ್ಕೆ ಬರೋಣ. ಮಾಮೂಲಿ ಕಂಟ್ರೋಲರಿಗೆ ಗೊತ್ತಾಗುವುದು ಹೆಬ್ಬೆರಳು, ತೋರುಬೆರಳು, ಉಳಿದ ಮೂರು ಬೆರಳು ಒಟ್ಟಿಗೆ. ವಿಆರ್‌ಚಾಟ್‌ನಲ್ಲಿ ಅವತಾರ್‌ಗಳಿಗೆ ಸಿದ್ಧ ಕೈಸನ್ನೆ ಏಳೇ ಏಳು. ಮುಷ್ಟಿ, ಬಿಚ್ಚಿದ ಕೈ, ಬೆರಳು ತೋರಿಸುವುದು, ವಿಜಯದ ಎರಡು ಬೆರಳು, ಹೀಗೆ. ಏಳು ಆಕಾರದಲ್ಲಿ ಒಂದು ಭಾಷೆ ಆಡಿ ಅಂದರೆ ಹೇಗೆ? ಅಮೆರಿಕದ ಸನ್ನೆ ಭಾಷೆಯಲ್ಲಿ ಎ, ಎಸ್, ಟಿ, ಎಮ್, ಎನ್ ಐದು ಅಕ್ಷರವೂ ಮುಷ್ಟಿಯೇ. ಎ ಅಂದರೆ ಹೆಬ್ಬೆರಳು ಮುಷ್ಟಿಯ ಪಕ್ಕಕ್ಕೆ. ಎಸ್ ಅಂದರೆ ಬೆರಳುಗಳ ಮುಂದೆ ಅಡ್ಡಕ್ಕೆ. ಟಿ ಅಂದರೆ ತೋರುಬೆರಳು, ನಡುಬೆರಳಿನ ಸಂದಿಯಲ್ಲಿ. ಎರಡು ಬೆರಳಿನ ಕೆಳಗೆ ತೂರಿಸಿದರೆ ಎನ್, ಮೂರು ಬೆರಳಿನ ಕೆಳಗಾದರೆ ಎಮ್. ಯಂತ್ರಕ್ಕೆ ಐದೂ ಒಂದೇ ಮುಷ್ಟಿ.

2019ರಲ್ಲಿ ವಾಲ್ವ್ ಕಂಪನಿಯವರು ಇಂಡೆಕ್ಸ್ ಅನ್ನುವ ಕಂಟ್ರೋಲರ್ ತಂದರು. ಅದನ್ನು ಹಿಡಿದುಕೊಳ್ಳಬೇಕಾಗಿಲ್ಲ, ಪಟ್ಟಿಯಿಂದ ಅಂಗೈಗೆ ಬಿಗಿದುಕೊಳ್ಳುವುದು. ಒಂದೊಂದರಲ್ಲೂ 87 ಸೆನ್ಸರ್. ಐದು ಬೆರಳೂ ಬೇರೆ ಬೇರೆಯಾಗಿ ಮಡಚುವುದು ಗೊತ್ತಾಗುತ್ತದೆ. ಆದರೆ ಬೆರಳಿಗೆ ಬೆರಳು ಹೆಣೆದರೆ ಗೊತ್ತಾಗುವುದಿಲ್ಲ, ಅಮೆರಿಕದ ಆರ್ ಅಕ್ಷರಕ್ಕೆ ಬೇಕಾಗಿರುವುದೇ ಆ ಹೆಣಿಗೆ. ಹಾಗಂತ ಕಿವುಡರು ಸುಮ್ನೆ ಕೂತರಾ? ಇಲ್ಲ. ಯಂತ್ರಕ್ಕೆ ಆಗದ ಪದಗಳಿಗೆ ತಾವೇ ಬದಲಿ ರೂಪ ಕಟ್ಟಿಕೊಂಡರು. ವಿಆರ್‌ಚಾಟ್ ಒಳಗೆ ಹೆಲ್ಪಿಂಗ್ ಹ್ಯಾಂಡ್ಸ್ ಅಂತ ಸ್ವಯಂಸೇವಕರ ಗುಂಪೊಂದಿದೆ. ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ಹಾಗೆ ಮೊಲಗಳನ್ನೂ ರೋಬೋಗಳನ್ನೂ ನಿಲ್ಲಿಸಿಕೊಂಡು ಸನ್ನೆ ಭಾಷೆ ಕಲಿಸುತ್ತಾರೆ. ಕಲಿಯುವವರಲ್ಲಿ ಕಿವಿ ಕೇಳುವವರೂ ಇದ್ದಾರೆ, ಮೈಕಿನಲ್ಲಿ ಮಾತಾಡಲು ಸಂಕೋಚ ಇರುವವರೂ ಇದ್ದಾರೆ. ನನಗೆ ಇದು ಬಹಳ ಇಷ್ಟವಾದ ಸಂಗತಿ.

2019ರ ಡಿಸೆಂಬರಿನಲ್ಲಿ ಇನ್ನೊಂದು ಬದಲಾವಣೆ. ಆಕ್ಯುಲಸ್ ಕ್ವೆಸ್ಟ್ ಅನ್ನುವ ಹೆಡ್‌ಸೆಟ್ಟಿಗೆ ಬರಿಗೈ ಗುರುತಿಸುವುದು ಬಂತು. ಹೆಡ್‌ಸೆಟ್ಟಿನ ನಾಲ್ಕು ಮೂಲೆಯ ಕ್ಯಾಮೆರಾಗಳೇ ನಿಮ್ಮ ಬೆರಳನ್ನು ನೋಡಿಕೊಳ್ಳುತ್ತವೆ. ಸೌಟು ಬೇಡ.

ಇಲ್ಲಿ ನನ್ನ ಅಕ್ಕನ ಕತೆ ಹೇಳಲೇಬೇಕು.

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಒಂದು ಹೆಡ್‌ಸೆಟ್ ತಂದ. ಅಮ್ಮನಿಗೆ ಕಟ್ಟಿದ, ಕೈಗೆ ಕಂಟ್ರೋಲರ್ ಕೊಟ್ಟ. ಅಕ್ಕ ಎರಡು ನಿಮಿಷ ಕೈ ಆಡಿಸಿದಳು. ಆಮೇಲೆ ಎರಡನ್ನೂ ಸೋಫಾ ಮೇಲೆ ಇಟ್ಟು ನಮ್ಮ ಕಡೆ ತಿರುಗಿ, ಬಾಯಿಗೆ ಬಟ್ಟೆ ತುರುಕಿದ ಹಾಗಿದೆ ಅಂದಳು. ಹಾಗೆ ಅಂದದ್ದು ಸನ್ನೆ ಭಾಷೆಯಲ್ಲಿ, ನಾವು ಅದಕ್ಕೆ ಸೈನ್ ಅನ್ನುತ್ತೇವೆ, ಕಣ್ಣಿಗೆ ಇನ್ನೂ ಡಬ್ಬಿ ಕಟ್ಟಿಕೊಂಡೇ.

ಹುಡುಗ ಸೆಟ್ಟಿಂಗ್ ಬದಲಾಯಿಸಿ ಬರಿಗೈ ಆಗುವ ಹಾಗೆ ಮಾಡಿದ. ಅಕ್ಕ ಕೈ ಮುಂದಕ್ಕೆ ಚಾಚಿದಳು. ಒಂದೊಂದೇ ಬೆರಳು ಮಡಚಿದಳು, ಬಿಚ್ಚಿದಳು. ಕಿರುಬೆರಳು ಒಂದನ್ನೇ ಅಲ್ಲಾಡಿಸಿ ಎಷ್ಟೋ ಹೊತ್ತು ನೋಡುತ್ತಾ ನಿಂತಳು. ಹೊಸ ಬಳೆ ಹಾಕಿಕೊಂಡ ಕೈ ನೋಡಿಕೊಳ್ಳುತ್ತಾರಲ್ಲ, ಹಾಗೆ. ಎದುರಿಗೆ ಯಾರೋ ಬಂದರಂತೆ. ಮರ್ಯಾದೆಯಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಕೈ ಎರಡೂ ಮಾಯ! ಒಂದು ಕೈ ಇನ್ನೊಂದಕ್ಕೆ ಅಂಟಿದರೆ ಕ್ಯಾಮೆರಾಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಇಂಡಿಯನ್ ಸೈನ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬ್ರಿಟನ್ನಿನವರ ಹಾಗೆ ಎರಡೂ ಕೈ ಸೇರಿಸಿ ಮಾಡುತ್ತೇವೆ, ಅಮೆರಿಕದವರು ಒಂದೇ ಕೈಯಲ್ಲಿ ಮಾಡುತ್ತಾರೆ. ಹಾಗಾಗಿ ಈ ತೊಂದರೆ ನಮಗೇ ಜಾಸ್ತಿ. ಅಕ್ಕ ವಾರದೊಳಗೆ ಇದಕ್ಕೆ ಉಪಾಯ ಕಂಡುಕೊಂಡಳು. ಎರಡು ಕೈ ನಡುವೆ ಒಂದು ಬೆರಳಷ್ಟು ಸಂದಿ ಬಿಟ್ಟು ಸೈನ್ ಮಾಡುವುದು.

ವಿಆರ್‌ನ ಕೋಣೆಯಲ್ಲಿ ಅವಳಿಗೆ ಒಬ್ಬ ಗೆಳತಿ ಸಿಕ್ಕಳು. ಇಂದೋರಿನ ಹೆಣ್ಣುಮಗಳು, ಅವಳಿಗೂ ಕಿವಿ ಕೇಳಿಸುವುದಿಲ್ಲ. ಅವತಾರ್ ಮಾತ್ರ ನರಿಯದು, ಕೆಂಚು ಬಣ್ಣ, ಚೂಪು ಕಿವಿ. ಅಕ್ಕನಿಗೆ ಹಿಂದಿ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಇಬ್ಬರಿಗೂ ಬರುವುದು ಇಂಡಿಯನ್ ಸೈನ್. ಮೈಸೂರಿನ ನಮ್ಮ ಹಾಲ್‌ನಲ್ಲಿ ನಿಂತು ಇಂದೋರಿನವಳ ಜೊತೆ ಅತ್ತೆ, ನಾದಿನಿ, ಮೊಣಕಾಲು ನೋವು ಎಲ್ಲ ಮಾತಾಡುತ್ತಿದ್ದಳು. ನನ್ನ ಸಹಾಯ ಬೇಕಾಗಲಿಲ್ಲ. ಇಂಟರ್‌ಪ್ರಿಟರ್ ಇಲ್ಲದೆ ನನ್ನ ಅಕ್ಕ ಹೊಸಬರ ಜೊತೆ ಗಂಟೆಗಟ್ಟಲೆ ಹರಟುವುದನ್ನು ನಾನು ನೋಡಿದ್ದು ಬಹಳ ಕಡಿಮೆ.

ಒಂದು ದಿನ ಅಕ್ಕ ಸಿಟ್ಟಿನಿಂದ ಹೆಡ್‌ಸೆಟ್ ಬಿಚ್ಚಿದಳು. ಆ ಹೆಂಗಸಿಗೆ ಕೊಬ್ಬು ಅಂದಳು. ಏನಾಯ್ತೇ ಅಂದೆ. ಊಟ ಆಯ್ತಾ ಅಂತ ಕೇಳಿದರೆ ಉತ್ತರ ಕೊಡುವುದಿಲ್ಲ, ಸರಿ ಅಂತ ತಲೆ ಆಡಿಸಿ ಬೇರೆ ಮಾತು ತೆಗೆಯುತ್ತಾಳೆ. ಮರುದಿನವೂ ಅದೇ. ಮೂರನೇ ದಿನವೂ ಅದೇ.

ಇಂಥ ಕೋಣೆಗಳಲ್ಲಿ ಗೋಡೆಗೆ ದೊಡ್ಡ ಕನ್ನಡಿ ಇರುತ್ತದೆ, ತಮ್ಮ ಅವತಾರ್ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳುವುದಕ್ಕೆ. ನಾಲ್ಕನೇ ದಿನ ಅಕ್ಕ ಒಬ್ಬಳೇ ಹೋಗಿ ಆ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಕೇಳಿಕೊಂಡಳು. ಊಟ ಆಯ್ತಾ? ಕನ್ನಡಿಯಲ್ಲಿ ಒಂದು ಗೊಂಬೆ, ದೊಡ್ಡ ಕಣ್ಣು, ಮಾಸದ ನಗು. ಕೈ ಸರಿಯಾಗಿ ಆಡುತ್ತಿತ್ತು. ಮುಖ ಮಾತ್ರ ಅಲ್ಲಾಡಲೇ ಇಲ್ಲ.

ಈಗ ನೀವು ಸೌಟು ಕೆಳಗಿಟ್ಟು ಸ್ವಲ್ಪ ಗಮನ ಕೊಡಿ, ನಾನು ಹೇಳಬೇಕು ಅಂತ ಬಂದಿದ್ದೇ ಇದನ್ನ. ಕನ್ನಡದಲ್ಲಿ ಊಟ ಆಯ್ತು ಅಂದರೆ ಸುದ್ದಿ. ಊಟ ಆಯ್ತಾ ಅಂದರೆ ಪ್ರಶ್ನೆ. ವ್ಯತ್ಯಾಸ ಕೊನೆಯಲ್ಲಿರುವ ಒಂದು ಆ. ಸನ್ನೆ ಭಾಷೆಯಲ್ಲಿ ಆ 'ಆ' ಇರುವುದು ಹುಬ್ಬಿನಲ್ಲಿ. ಕೈ ಎರಡಕ್ಕೂ ಒಂದೇ. ಹುಬ್ಬು ಮೇಲಕ್ಕೆ ಹೋದರೆ ಪ್ರಶ್ನೆ, ಹೋಗದಿದ್ದರೆ ಸುದ್ದಿ. ಹೆಡ್‌ಸೆಟ್ ಕೂರುವುದು ಎಲ್ಲಿ? ಸರಿಯಾಗಿ ಹುಬ್ಬಿನ ಮೇಲೆ. ಅಕ್ಕ ಮೂರು ದಿನವೂ ಹುಬ್ಬು ಎತ್ತಿಯೇ ಕೇಳಿದ್ದಳು, ಸ್ಪಂಜಿನ ಅಡಿಯಲ್ಲಿ. ಗೆಳತಿಗೆ ಕಂಡದ್ದು ಊಟ ಆಯ್ತು, ಊಟ ಆಯ್ತು, ಊಟ ಆಯ್ತು. ಪಾಪ, ಸಂತೋಷ ಅಂತ ತಲೆ ಆಡಿಸಿದ್ದಾಳೆ.

20 ವರ್ಷ ಈ ಕೆಲಸ ಮಾಡಿದ ನನಗೆ ಅದು ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು, ಯಾಕೆಂದರೆ ಅದು ಅವಳ ಭಾಷೆ. ಪರಿಹಾರವನ್ನೂ ಅವಳೇ ಮಾಡಿಕೊಂಡಳು. ಪ್ರಶ್ನೆ ಕೇಳುವಾಗ ಕತ್ತು ಮುಂದಕ್ಕೆ ಚಾಚಿ, ತಲೆ ಸ್ವಲ್ಪ ವಾಲಿಸಿ, ಕೊನೆಯ ಸೈನನ್ನು ಒಂದು ಕ್ಷಣ ಹಾಗೇ ಹಿಡಿದು ನಿಲ್ಲಿಸುವುದು. ತಲೆಯ ಚಲನೆ ಹೆಡ್‌ಸೆಟ್ಟಿಗೆ ಗೊತ್ತಾಗುತ್ತದೆ ಅಲ್ವಾ. ನರಿ ತಕ್ಷಣ ಉತ್ತರ ಕೊಟ್ಟಿತು. ಆಯ್ತು, ಇವತ್ತು ಪೋಹಾ.

ಕೈಸನ್ನೆ ಬೇರೆ, ಸನ್ನೆ ಭಾಷೆ ಬೇರೆ. ಬರೀ ಕೈ ಹಿಡಿದರೆ ಸನ್ನೆ ಸಿಗುತ್ತದೆ, ಭಾಷೆ ಸಿಗುವುದಿಲ್ಲ.

ಗಾಜಿನಾಚೆ ನಿಂತವರು ಮೂರು ಬೆರಳು ತೋರಿಸುತ್ತಿದ್ದಾರೆ, ಮೂರು ನಿಮಿಷ ಉಳಿದಿದೆಯಂತೆ. ನೋಡಿ, ಇದು ಕೈಸನ್ನೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸನ್ನೆ ಭಾಷೆಯನ್ನು ಮಾತಾಗಿ ಮಾಡುವ ಕೈಗವಸು ಕಂಡುಹಿಡಿದೆವು ಅಂತ ಆಗಾಗ ಸುದ್ದಿ ಬರುತ್ತದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅಂಥದ್ದು ಮಾಡಿದರು, 10,000 ಡಾಲರ್ ಬಹುಮಾನವೂ ಬಂತು. ಸನ್ನೆ ಭಾಷೆ ಬಲ್ಲವರು ಆಗಲೇ ಆಕ್ಷೇಪ ಎತ್ತಿದರು. ಕೈಗವಸಿಗೆ ಹುಬ್ಬು ಕಾಣುತ್ತದಾ? ಇಲ್ಲ. ಆದರೂ ಪ್ರತಿ ವರ್ಷ ಯಾವುದೋ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಅದನ್ನೇ ಮಾಡಿ ನನಗೆ ಫೋನ್ ಮಾಡುತ್ತಾರೆ. ಎಷ್ಟು ಜನ ಕಿವುಡರನ್ನು ಭೇಟಿ ಮಾಡಿದಿರಿ ಅಂತ ಕೇಳುತ್ತೇನೆ. ಯಾರನ್ನೂ ಇಲ್ಲ ಮೇಡಂ ಅನ್ನುತ್ತಾರೆ. ಮೊದಲು ಹೋಗಿ ಭೇಟಿ ಮಾಡಿ ಮಕ್ಕಳೇ, ಆಮೇಲೆ ವೈರು ಸುತ್ತಿ.

ಮುಖ ಹಿಡಿಯುವ ಹೆಡ್‌ಸೆಟ್ಟೂ ಬಂದಿದೆ. 2022ರಲ್ಲಿ ಮೆಟಾ ಕಂಪನಿ ತಂದ ಕ್ವೆಸ್ಟ್ ಪ್ರೋ ಒಳಗೆ ಕಣ್ಣನ್ನೂ ಮುಖವನ್ನೂ ನೋಡುವ ಕ್ಯಾಮೆರಾಗಳಿದ್ದವು. ಬಂದಾಗ ಬೆಲೆ 1,499 ಡಾಲರ್. ನಮ್ಮಂಥ ಮನೆಗೆ ಎಲ್ಲಿಂದ ಬರಬೇಕು? ಅದನ್ನು ಮಾಮೂಲಿ ಹೆಡ್‌ಸೆಟ್ಟಿಗೆ ತನ್ನಿ ಅಂತ ಕೇಳಬೇಕಾದ್ದು ನಾವು.

ಕಿವಿ ಕೇಳಿಸದ ಮಕ್ಕಳ ತಂದೆತಾಯಿ ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಹೆಡ್‌ಸೆಟ್ ಕೊಳ್ಳಲು ಓಡಬೇಡಿ. ಮೊದಲು ನೀವು ಸೈನ್ ಕಲಿಯಿರಿ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರ 2015ರಿಂದ ಇದೆ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಆಯಿತು. ವಿಡಿಯೋ ರೂಪದಲ್ಲಿದೆ, ಮೊಬೈಲಿನಲ್ಲೇ ನೋಡಬಹುದು. ನೋಡುವಾಗ ಕೈ ಮಾತ್ರ ನೋಡಬೇಡಿ, ಮುಖ ನೋಡಿ.

ಗಾಜಿನಾಚೆ ಈಗ ಒಂದೇ ಬೆರಳು. ಅಕ್ಕ ಈ ಭಾಷಣ ಕೇಳಿಸಿಕೊಳ್ಳಲಾರಳು. ರಾತ್ರಿ ಊಟ ಆದ ಮೇಲೆ ಎದುರು ಕೂತು ಪೂರ್ತಿ ಸೈನ್ ಮಾಡಿ ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ. ಎಲ್ಲಿ ತಪ್ಪಿದ್ದೇನೆ ಅಂತ ಅವಳು ಹೇಳುತ್ತಾಳೆ, ಆಮೇಲೆ ಇಂದೋರಿಗೂ ವರದಿ ಹೋಗುತ್ತದೆ. ನಮಸ್ಕಾರ.