ವರ್ಲಿ ಕೋಳಿವಾಡಾ: ದೋಣಿಗೊಂದು ದಾರಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು. ಸಮುದ್ರ ನಮಗೆ ಹೊಸದಲ್ಲ. ನನ್ನ ಅಜ್ಜಿ ಮಲ್ಪೆಯಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಬಂಗುಡೆಯ ಕಿವಿರು ಎತ್ತಿ, ಒಳಗಿನ ಕೆಂಪು ತೋರಿಸಿ, "ನೋಡಿ, ಈಗ ತಂದದ್ದು" ಅನ್ನುತ್ತಿದ್ದರು. ಮುಂಬಯಿಗೆ ಬಂದ ಮೇಲೆ ಮಾರ್ಕೆಟ್ಟಿನಲ್ಲಿ ಕೋಳಿ ಸಮುದಾಯದ, ಮೀನು ಮಾರುವ ಮಾವಶಿಯೊಬ್ಬರು (ಚಿಕ್ಕಮ್ಮ ಅನ್ನಿ) ಅದೇ ಥರ ಹೆಬ್ಬೆರಳಿನಿಂದ ಕಿವಿರು ಎತ್ತಿದರು. ಭಾಷೆ ಬೇರೆ, ಕೈ ಅದೇ. ಇವರು ಯಾರು, ಯಾವಾಗಿನಿಂದ ಇಲ್ಲಿದ್ದಾರೆ ಅಂತ ಅವತ್ತಿನಿಂದ ಹುಡುಕಲು ಶುರು ಮಾಡಿದೆ.

ನಮ್ಮಲ್ಲಿ ಮೀನು ಹಿಡಿಯುವ ಮೊಗವೀರರು ಇರುವ ಹಾಗೆ ಇಲ್ಲಿ ಕೋಳಿ ಅನ್ನುವ ಜನ. ಕೋಳಿವಾಡಾ ಅಂದರೆ ಅವರ ಕೇರಿ. ಇವತ್ತು ನಾನು ಹೇಳುವುದು ಮುಂಬಯಿಯ ವರ್ಲಿಯಲ್ಲಿರುವ ಕೋಳಿವಾಡದ ಕಥೆ. ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಮೊದಲೇ ಈ ದ್ವೀಪಗಳಲ್ಲಿ ಬಲೆ ಹಾಕಿದವರು ಅವರು. ಮುಂಬಯಿಗೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವಿ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ಈ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿಯ ಮದುವೆಯ ಒಪ್ಪಂದದಲ್ಲಿ ಅವು ಇಂಗ್ಲೆಂಡಿನ ರಾಜನ ಪಾಲಾದವು. 1668ರಲ್ಲಿ ಆತ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ದ್ವೀಪಗಳು ಕೈ ಬದಲಾಯಿಸುತ್ತಾ ಹೋದವು. ಕೋಳಿಗಳು ಅಲ್ಲೇ ಇದ್ದರು.

ಏಳು ದ್ವೀಪ ಜೋಡಿಸಿ ಮುಂಬಯಿ ಮಾಡಿದರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಮಕ್ಕಳಿಗೂ ಹಾಗೇ ಹೇಳಿಕೊಡುತ್ತೇವೆ. ದೋಣಿಯಲ್ಲಿ ಕೂತು ಯೋಚನೆ ಮಾಡಿ. ಎರಡು ದ್ವೀಪ ಜೋಡಿಸಿದರೆ ನಡುವೆ ಇದ್ದ ನೀರಿನ ದಾರಿ ಮುಚ್ಚಿತು. ನಡೆಯುವವನಿಗೆ ದಾರಿ ಆದದ್ದು ದೋಣಿಯವನಿಗೆ ಗೋಡೆ. ಕೋಳಿವಾಡದ ಇತಿಹಾಸ ನನಗೆ ಅರ್ಥ ಆಗಿದ್ದು ಇಲ್ಲಿಂದ.

ವರ್ಲಿಗೂ ಪಕ್ಕದ ಬಾಂಬೆ ದ್ವೀಪಕ್ಕೂ ನಡುವೆ ಒಂದು ಕಂಡಿ ಇತ್ತು. ಭರತದ ನೀರು ಅಲ್ಲಿಂದ ಒಳನುಗ್ಗಿ ಊರಿನ ನಡುವಿನ ತಗ್ಗು ಜಾಗವನ್ನೆಲ್ಲ ಮುಳುಗಿಸುತ್ತಿತ್ತು. ವಿಲಿಯಂ ಹಾರ್ನ್‌ಬಿ ಎಂಬ ಗವರ್ನರ್ ಅಲ್ಲಿ ಒಡ್ಡು ಹಾಕಿಸಿದ. 1784ರ ಹೊತ್ತಿಗೆ ಅದು ಮುಗಿಯಿತು. ಒಡ್ಡು ಮತ್ತೆ ಮತ್ತೆ ಕುಸಿಯಿತು, ಕನಸಿನಲ್ಲಿ ದೇವಿ ಬಂದಳು, ವರ್ಲಿಯ ಹತ್ತಿರ ನೀರಿನಲ್ಲಿ ಮೂರ್ತಿಗಳು ಸಿಕ್ಕವು, ಆಮೇಲೆ ಒಡ್ಡು ನಿಂತಿತು ಎಂಬ ಕಥೆ ಮಹಾಲಕ್ಷ್ಮಿ ಗುಡಿಯದು. ನವರಾತ್ರಿಯಲ್ಲಿ ನಾವು ಸಾಲು ನಿಲ್ಲುವ ಗುಡಿ ಅದೇ.

ಇನ್ನು ನಮ್ಮ ಕಾಲಕ್ಕೆ ಬರೋಣ. 2009ರ ಜೂನ್ 30ರಂದು ಬಾಂದ್ರಾ–ವರ್ಲಿ ಸೀ ಲಿಂಕ್ ಶುರುವಾಯಿತು. ಕೋಳಿವಾಡದ ಮಗ್ಗುಲಲ್ಲೇ, ಸಮುದ್ರದಲ್ಲಿ ಕಂಬಗಳು ಎದ್ದವು. ಆಮೇಲೆ ಕೋಸ್ಟಲ್ ರೋಡ್, ಅಂದರೆ ಸಮುದ್ರ ತುಂಬಿಸಿ ದಡದುದ್ದಕ್ಕೂ ಮಾಡಿದ ರಸ್ತೆ. ದಡದ ಬಂಡೆಗಳ ಸಂದಿಯಲ್ಲೇ ಏಡಿ, ಶೇವಂಡ್ (ಲಾಬ್‌ಸ್ಟರ್) ಹಿಡಿಯುತ್ತಿದ್ದವರ ಜಾಗಕ್ಕೆ ಮಣ್ಣು ಬಿತ್ತು. ಮೀನುಗಾರರು ಕೋರ್ಟಿಗೆ ಹೋದರು. 2019ರ ಜುಲೈಯಲ್ಲಿ ಹೈಕೋರ್ಟ್ ಕೆಲಸ ನಿಲ್ಲಿಸಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು.

ಆದರೂ ಅವರು ಬಿಡಲಿಲ್ಲ. ರಸ್ತೆ ಬೇಡ ಅನ್ನುವ ಮಾತು ಮುಗಿದಿತ್ತು. ಈಗ ಕೇಳಿದ್ದು ದೋಣಿ ಹೋಗುವಷ್ಟು ಜಾಗ. ಅವರ ಕ್ಲೀವ್‌ಲ್ಯಾಂಡ್ ಬಂದರಿನ ಎದುರು ಕೋಸ್ಟಲ್ ರೋಡಿನ ಸೇತುವೆಯ ಎರಡು ಕಂಬಗಳ ನಡುವೆ 60 ಮೀಟರ್ ಅಂತರ ಇಟ್ಟಿದ್ದರು. ಕಾಗದದ ಮೇಲೆ ನೋಡಿದರೆ 60 ಮೀಟರ್ ಧಾರಾಳ ಅನ್ನಿಸುತ್ತದೆ. ದೋಣಿ ರಸ್ತೆಯ ಮೇಲಿನ ಕಾರಿನ ಹಾಗೆ ನೆಟ್ಟಗೆ ಹೋಗುವುದಿಲ್ಲ. ಗಾಳಿ ಒಂದು ಕಡೆ ತಳ್ಳುತ್ತದೆ, ಇಳಿತದ ಸೆಳೆತ ಇನ್ನೊಂದು ಕಡೆ. ಎದುರಿಂದ ಮತ್ತೊಂದು ದೋಣಿ ಬರಬಹುದು. ಅಷ್ಟರಲ್ಲಿ ಎಂಜಿನ್ ಕೆಟ್ಟರೆ? ದೋಣಿ ಕಂಬಕ್ಕೇ ಹೋಗಿ ಬಡಿಯುತ್ತದೆ. ಮಲ್ಪೆಯ ಅಳಿವೆಬಾಗಿಲಲ್ಲಿ ದೋಣಿ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಡಿಸೆಂಬರಿನಲ್ಲಿ ಸರ್ಕಾರ ಒಪ್ಪಿತು. ಎಂಟನೇ ಕಂಬ ಕೈಬಿಟ್ಟರು. ಏಳಕ್ಕೂ ಒಂಬತ್ತಕ್ಕೂ ನಡುವೆ 120 ಮೀಟರ್ ಆಯಿತು. ಅವರು ಕೇಳಿದ್ದು ಇನ್ನೂ ಹೆಚ್ಚು. ಹಾಗಿದ್ದರೂ ನನಗೆ ಇದು ದೊಡ್ಡ ವಿಷಯ. ಇಷ್ಟು ಶತಮಾನ ನೀರು ಮುಚ್ಚುತ್ತಲೇ ಬಂದ ಊರು, ಒಂದು ದೋಣಿದಾರಿಗಾಗಿ ತನ್ನ ನಕ್ಷೆ ತಿದ್ದಿತು. ಸುಮ್ನೆ ಸಿಕ್ಕಿದ್ದಲ್ಲ ಅದು. ವರ್ಷಗಟ್ಟಲೆ ಪಟ್ಟು ಹಿಡಿದು ಪಡೆದದ್ದು.

ಬಾಂದ್ರಾದಿಂದ ಸೀ ಲಿಂಕ್ ಮೇಲೆ ಬರುವಾಗ, ವರ್ಲಿ ಹತ್ತಿರ ಆದಂತೆ ಎಡಕ್ಕೆ ನೋಡಿ. ಹಳೆಯ ಕೋಟೆ, ಒತ್ತೊತ್ತಾದ ಮನೆಗಳು, ಕೆಳಗೆ ಬಣ್ಣದ ದೋಣಿಗಳು. ಕಾರಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಹೋಗುತ್ತದೆ. ಇಳಿದು ನಡೆದೇ ಹೋಗಬೇಕು.

ನಮ್ಮ ನೂಲ ಹುಣ್ಣಿಮೆ ಅವರಿಗೆ ನಾರಳಿ ಪೌರ್ಣಿಮಾ. ನಮ್ಮೂರ ಕಡಲಿಗೆ ಹಾಲು, ತೆಂಗಿನಕಾಯಿ ಕೊಡುವ ಅದೇ ಹೊತ್ತಿನಲ್ಲಿ ಅವರೂ ಮೆರವಣಿಗೆಯಲ್ಲಿ ಬಂದು ಕಾಯಿ ಬಿಡುತ್ತಾರೆ. ಈ ಸಲ ನಾನೂ ಒಂದು ಕಾಯಿ ಹಿಡಿದು ಅಲ್ಲಿಗೆ ಹೋಗುವವಳಿದ್ದೇನೆ. ಜೊತೆಗೆ ಬರುವವರು ಚಹಾ ಹೊತ್ತಿನಲ್ಲಿ ನನಗೆ ಹೇಳಿ.