ಟಿಕೆಟ್ ಮಾರುವವರು ಯಾರು, ವಿಮಾನ ಹಾರಿಸುವವರು ಯಾರು?

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ಗೋಣಿಕೊಪ್ಪದಿಂದ ಟೊರಾಂಟೊಗೆ, ನಾಪೋಕ್ಲಿನಿಂದ ದೋಹಾಕ್ಕೆ ಹೋಗಿಬರುವವರಿಗೆ ಕಡಿಮೆಯೇನಿಲ್ಲ. ದಕ್ಷಿಣ ಕೊಡಗಿನವರು ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ, ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣಕ್ಕೆ ಹೋಗುತ್ತಾರೆ. ಮಡಿಕೇರಿ ಕಡೆಯವರು ಸಂಪಾಜೆ ಇಳಿದು ಮಂಗಳೂರು ಹಿಡಿಯುತ್ತಾರೆ. ಕುಶಾಲನಗರ, ಸೋಮವಾರಪೇಟೆಯವರಿಗೆ ಬೆಂಗಳೂರೇ ಸರಿ. ಮೂರು ದಿಕ್ಕಿನಲ್ಲಿ ಮೂರು ನಿಲ್ದಾಣ. ಅಲ್ಲಿಂದ ಮುಂದೆ ನಾವು ಎಷ್ಟು ಊರು ಮುಟ್ಟಬಹುದು ಎನ್ನುವುದನ್ನು ತೀರ್ಮಾನಿಸುವುದು ವಿಮಾನಗಳ ಸಂಖ್ಯೆಗಿಂತ ಹೆಚ್ಚಾಗಿ ವಿಮಾನಯಾನ ಕಂಪನಿಗಳ ನಡುವಿನ ಕರಾರು. ಈ ಹೊತ್ತಿನ ಮಾತು ಅದರ ಬಗ್ಗೆ.

ಕಣ್ಣೂರನ್ನೇ ತೆಗೆದುಕೊಳ್ಳಿ. 2018ರ ಡಿಸೆಂಬರ್ 9ರಂದು ತೆರೆದ ಈ ನಿಲ್ದಾಣದ ರನ್‌ವೇ 3,050 ಮೀಟರ್ ಉದ್ದ. ದೊಡ್ಡ ವಿಮಾನ ಇಳಿಯಲು ಸಾಕು. ಹಜ್ ಯಾತ್ರೆಯಂಥ ವಿಶೇಷ ಸಂದರ್ಭ ಬಿಟ್ಟರೆ, ನಿತ್ಯದ ಸೇವೆಗೆ ಎಮಿರೇಟ್ಸ್, ಕತಾರ್ ಏರ್‌ವೇಸ್‌ಗಳಂಥ ವಿದೇಶಿ ಕಂಪನಿಗಳು ಅಲ್ಲಿಗೆ ಬರುವುದಿಲ್ಲ. ಅಡ್ಡಿ ಇರುವುದು ಕಾಗದದಲ್ಲಿ. ಒಂದು ದೇಶದ ವಿಮಾನ ಇನ್ನೊಂದು ದೇಶದಲ್ಲಿ ಇಳಿಯಬೇಕಾದರೆ ಎರಡು ಸರ್ಕಾರಗಳ ನಡುವೆ ಒಪ್ಪಂದ ಬೇಕು. 1944ರ ಶಿಕಾಗೋ ಸಮಾವೇಶದ ಕಾಲದಿಂದ ನಡೆದುಬಂದ ಪದ್ಧತಿ ಇದು. ವಾರಕ್ಕೆ ಎಷ್ಟು ಸೀಟು, ಯಾವ ಯಾವ ಊರು ಎಂದು ಆ ಒಪ್ಪಂದದಲ್ಲೇ ಬರೆದಿರುತ್ತದೆ. ವಿದೇಶಿ ಕಂಪನಿಗಳು ಇಳಿಯಬಹುದಾದ ಊರಿಗೆ ‘ಪಾಯಿಂಟ್ ಆಫ್ ಕಾಲ್’ ಎನ್ನುತ್ತಾರೆ. ಕಣ್ಣೂರಿನವರು ವರ್ಷಗಳಿಂದ ಕೇಳುತ್ತಿದ್ದರೂ ಆ ಸ್ಥಾನ ಸಿಕ್ಕಿಲ್ಲ. ಹಾಗಾಗಿ ಅಲ್ಲಿಂದ ಗಲ್ಫಿಗೆ ಹಾರುವುದು ಭಾರತದ ಕಂಪನಿಗಳು ಮಾತ್ರ. 2023ರ ಮೇ ತಿಂಗಳಲ್ಲಿ ಅಲ್ಲಿಂದ ಹಾರುತ್ತಿದ್ದ ಗೋ ಫಸ್ಟ್ ಕಂಪನಿ ನಿಂತಾಗ ಕಣ್ಣೂರಿಗೆ ಬಿದ್ದ ಪೆಟ್ಟು ದೊಡ್ಡದಾಗಿತ್ತು. ಖಾಲಿಯಾದ ಜಾಗಕ್ಕೆ ಬರಲು ವಿದೇಶಿ ಕಂಪನಿಗೆ ದಾರಿಯೇ ಇರಲಿಲ್ಲ.

ಇದೇ ಒಪ್ಪಂದಗಳಲ್ಲಿ ಇನ್ನೊಂದು ಷರತ್ತೂ ಇರುತ್ತದೆ. ಕಂಪನಿಯ ಒಡೆತನ ಮತ್ತು ಹಿಡಿತ ಆಯಾ ದೇಶದವರ ಕೈಯಲ್ಲೇ ಇರಬೇಕು. ಬೇರೆ ದೇಶದವರು ಪೂರ್ತಿ ಕೊಂಡುಬಿಟ್ಟರೆ ಹಾರುವ ಹಕ್ಕಿಗೇ ಕುತ್ತು. ಸಿಮೆಂಟ್ ಕಂಪನಿಯನ್ನೋ ಕಾಫಿ ಕಂಪನಿಯನ್ನೋ ಗಡಿ ದಾಟಿ ಕೊಂಡಷ್ಟು ಸುಲಭವಾಗಿ ವಿಮಾನ ಕಂಪನಿಯನ್ನು ಕೊಳ್ಳಲಾಗುವುದಿಲ್ಲ. ಆದ್ದರಿಂದ ದೇಶದ ಒಳಗೆ ವಿಲೀನ, ದೇಶದ ಹೊರಗೆ ಪಾಲುದಾರಿಕೆ ಎನ್ನುವುದು ಈ ಉದ್ಯಮದ ರೂಢಿಯಾಗಿದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಕಂಪನಿ ಬೆಂಗಳೂರಿನಿಂದ 20 ಊರುಗಳಿಗೆ ಹಾರುತ್ತದೆ ಎಂದುಕೊಳ್ಳಿ. ಇನ್ನೊಂದು ಕಂಪನಿ ಯುರೋಪಿನ ಒಂದು ನಗರದಿಂದ 20 ಊರುಗಳಿಗೆ ಹಾರುತ್ತದೆ. ಎರಡು ಕೇಂದ್ರಗಳ ನಡುವೆ ದಿನಕ್ಕೆ ಒಂದೇ ವಿಮಾನ. ಇಬ್ಬರೂ ಕೈಜೋಡಿಸಿದರೆ ಈ ಕಡೆಯ 20 ಊರುಗಳಿಂದ ಆ ಕಡೆಯ 20 ಊರುಗಳಿಗೆ, ಅಂದರೆ 400 ಹೊಸ ಜೋಡಿಗಳಿಗೆ ಟಿಕೆಟ್ ಮಾರಬಹುದು. ಒಂದು ಹೊಸ ವಿಮಾನವನ್ನೂ ಕೊಳ್ಳಬೇಕಿಲ್ಲ. ನಕ್ಷೆಯಲ್ಲಿ ಗೆರೆಗಳು ಒಮ್ಮೆಲೇ ಹೆಚ್ಚುವುದು ಹೀಗೆ.

ಆದರೆ ಕಾಗದದ ಮೇಲಿನ 400ರಲ್ಲಿ ನಿಜವಾಗಿ ಮಾರಾಟವಾಗುವುದು ಅದರ ಒಂದು ಪಾಲು ಮಾತ್ರ. ಸಮಯ ಹೊಂದಬೇಕು. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಸಮಯ ನಿಗದಿಯಾಗಿರುತ್ತದೆ. ಅದು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 4 ಗಂಟೆಗೆ ಬಂದಿಳಿದವನಿಗೆ 5 ಗಂಟೆಯ ವಿಮಾನವನ್ನು ಕಂಪ್ಯೂಟರ್ ತೋರಿಸುವುದೇ ಇಲ್ಲ. ಬೆಳಿಗ್ಗೆ 11ರ ವಿಮಾನವನ್ನು ತೋರಿಸುತ್ತದೆ, ಆದರೆ ಒಟ್ಟು ಪ್ರಯಾಣದ ಹೊತ್ತು ಉದ್ದವಾದದ್ದರಿಂದ ಪಟ್ಟಿಯಲ್ಲಿ ಕೆಳಗೆಲ್ಲೋ ಇರುತ್ತದೆ, ಅಲ್ಲಿಯವರೆಗೆ ಯಾರೂ ನೋಡುವುದಿಲ್ಲ. ನಾಪೋಕ್ಲಿನ ಖಾಸಗಿ ಬಸ್ಸು ಮಡಿಕೇರಿ ತಲುಪುವ ಹೊತ್ತಿಗೆ ಬೆಂಗಳೂರಿನ ಕೊನೆಯ ಬಸ್ಸು ಹೊರಟುಹೋಗಿದ್ದರೆ ಎರಡು ಬಸ್ಸು ಇದ್ದೂ ಉಪಯೋಗವಿಲ್ಲ, ಅಷ್ಟೇ. ಅದಕ್ಕೇ ಒಳ್ಳೆಯ ಪಾಲುದಾರರು ಸಹಿ ಹಾಕುವ ಮೊದಲು ವೇಳಾಪಟ್ಟಿ ಮುಂದಿಟ್ಟುಕೊಂಡು ಕೂರುತ್ತಾರೆ. ಬರುವ ವಿಮಾನಗಳೆಲ್ಲ ಒಂದು ಅಲೆಯಾಗಿ ಬರಬೇಕು, ಎರಡು ಗಂಟೆಯ ಅಂತರದಲ್ಲಿ ಹೊರಡುವವು ಇನ್ನೊಂದು ಅಲೆಯಾಗಿ ಹೊರಡಬೇಕು. ದೋಹಾ, ದುಬೈ, ಅಬುಧಾಬಿಗಳು ಬೆಳೆದದ್ದು ಈ ಅಲೆಗಳನ್ನು ಚೆನ್ನಾಗಿ ಕೂಡಿಸಿದ್ದರಿಂದ.

ಪಾಲುದಾರಿಕೆಯಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಇಂಟರ್‌ಲೈನ್. ಒಬ್ಬರ ಟಿಕೆಟನ್ನು ಇನ್ನೊಬ್ಬರು ಒಪ್ಪುತ್ತಾರೆ, ಲಗೇಜನ್ನು ಕೊನೆಯ ಊರಿನವರೆಗೆ ಸಾಗಿಸುತ್ತಾರೆ. ದರದಲ್ಲಿ ಯಾರಿಗೆ ಎಷ್ಟು ಎಂಬುದನ್ನು ದೂರದ ಲೆಕ್ಕದಲ್ಲೋ ಇಬ್ಬರೂ ಮೊದಲೇ ಒಪ್ಪಿದ ಮೊತ್ತದಲ್ಲೋ ಹಂಚುತ್ತಾರೆ.

ಎರಡನೆಯದು ಕೋಡ್‌ಶೇರ್. ಇದರ ಬಗ್ಗೆ ಹೆಚ್ಚು ಹೇಳಬೇಕು, ನಮ್ಮ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಇಲ್ಲಿ ಒಂದು ಕಂಪನಿಯ ವಿಮಾನಕ್ಕೆ ಇನ್ನೊಂದು ಕಂಪನಿಯ ನಂಬರ್ ಅಂಟಿಸುತ್ತಾರೆ. ಮಾರುವವರು ಒಬ್ಬರು, ಹಾರಿಸುವವರು ಇನ್ನೊಬ್ಬರು. 2018ರ ಕೊನೆಯಲ್ಲಿ ಇಂಡಿಗೋ ಮತ್ತು ಟರ್ಕಿಶ್ ಏರ್‌ಲೈನ್ಸ್ ಈ ಕರಾರು ಆರಂಭಿಸಿದಾಗ, ಇಸ್ತಾಂಬುಲ್‌ನಿಂದ ಆಚೆ ತನ್ನ ಒಂದೂ ವಿಮಾನ ಇಲ್ಲದಿದ್ದ ಇಂಡಿಗೋ ಅಲ್ಲಿಂದ ಮುಂದಿನ ಯುರೋಪಿನ ಊರುಗಳಿಗೆ ತನ್ನದೇ 6ಇ ನಂಬರಿನಲ್ಲಿ ಟಿಕೆಟ್ ಮಾರತೊಡಗಿತು.

ಸೀಟು ಹಂಚಿಕೆಗೆ ಎರಡು ದಾರಿ. ಒಂದು, ಬೇಕಾದಾಗ ಬೇಕಾದಷ್ಟು ಮಾರುವುದು, ಅಪಾಯವೆಲ್ಲ ಹಾರಿಸುವವನದು. ಇನ್ನೊಂದು, ಇಂತಿಷ್ಟು ಸೀಟು ಎಂದು ಮೊದಲೇ ಹಿಡಿದಿಡುವುದು. ಗಟ್ಟಿ ಕರಾರಾದರೆ ಮಾರಾಟವಾಗಲಿ ಬಿಡಲಿ ದುಡ್ಡು ಕೊಡಲೇಬೇಕು. ಮೆದು ಕರಾರಾದರೆ ಇಷ್ಟು ದಿನ ಮುಂಚೆ ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದು. ಹೊಸ ಮಾರ್ಗದಲ್ಲಿ ಜನ ಬರುತ್ತಾರೋ ಇಲ್ಲವೋ ತಿಳಿಯದಾಗ ಗಟ್ಟಿ ಕರಾರಿಗೆ ಹೋಗುವುದು ಜಾಣತನವಲ್ಲ.

ಕೆಡುವುದು ಎಲ್ಲಿ? ಸಾಮಾನ್ಯವಾಗಿ ಎರಡು ಕಂಪ್ಯೂಟರುಗಳ ನಡುವೆ. ಪ್ರತಿ ಕಂಪನಿಯೂ ಒಂದೇ ಎಕಾನಮಿ ಸೀಟನ್ನು ಹತ್ತಾರು ದರದ ದರ್ಜೆಗಳಾಗಿ ಒಡೆದು ಒಂದೊಂದಕ್ಕೆ ಒಂದೊಂದು ಅಕ್ಷರ ಇಟ್ಟಿರುತ್ತದೆ. ಇವರ ಎಂ ದರ್ಜೆ ಅವರಲ್ಲಿ ಎಚ್ ಆಗಿರಬಹುದು. ಈ ಹೊಂದಾಣಿಕೆಯ ಪಟ್ಟಿ ತಪ್ಪಿದರೆ ಒಬ್ಬರಲ್ಲಿ ಅಗ್ಗದ ಸೀಟು ಮುಗಿದಿದ್ದರೂ ಇನ್ನೊಬ್ಬರು ಮಾರುತ್ತಲೇ ಇರುತ್ತಾರೆ, ಇಲ್ಲವೇ ಸೀಟು ಖಾಲಿಯಿದ್ದೂ ‘ಇಲ್ಲ’ ಎನ್ನುತ್ತಾರೆ. ಎರಡನೆಯ ತೊಂದರೆ ವೇಳೆ ಬದಲಾವಣೆ. ಹಾರಿಸುವ ಕಂಪನಿ 40 ನಿಮಿಷ ಹಿಂದೆ ಮುಂದೆ ಮಾಡಿದ ಸುದ್ದಿ ಮಾರಿದ ಕಂಪನಿಯ ವ್ಯವಸ್ಥೆಗೆ ಸರಿಯಾಗಿ ಮುಟ್ಟದಿದ್ದರೆ, ಪ್ರಯಾಣಿಕನ ಕೈಯಲ್ಲಿರುವ ಕಾಗದದಲ್ಲಿ ಹಳೆಯ ಹೊತ್ತೇ ಉಳಿಯುತ್ತದೆ. ವಿಚಾರಿಸಲು ಹೋದರೆ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಾರೆ.

ಕರಾರು ಕಡಿದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಮೈಸೂರೇ ಇದೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸರಿ. ಅಲ್ಲಿಗೆ ಬರುತ್ತಿದ್ದ ಅಲಯನ್ಸ್ ಏರ್ ಆಗ ಏರ್ ಇಂಡಿಯಾದ ಅಂಗಸಂಸ್ಥೆ, ಅದರ ‘ಎಐ’ ಸಂಕೇತದ ನಂಬರಿನಲ್ಲೇ ಹಾರುತ್ತಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈ ಸೇರಿತು, ಅಲಯನ್ಸ್ ಏರ್ ಸರ್ಕಾರದಲ್ಲೇ ಉಳಿಯಿತು. ಅದೇ ಏಪ್ರಿಲ್‌ನಲ್ಲಿ ಎರಡರ ಬುಕಿಂಗೂ ಬೇರೆಯಾಯಿತು. ವಿಮಾನ ಅದೇ, ಮಾರ್ಗ ಅದೇ. ಮೈಸೂರಿನಿಂದ ಹೊರಟು ಏರ್ ಇಂಡಿಯಾದ ಮುಂದಿನ ವಿಮಾನಕ್ಕೆ ಅದೇ ನಂಬರಿನಲ್ಲಿ ಸೇರುತ್ತಿದ್ದ ಕೊಂಡಿ ಮಾತ್ರ ಕಳಚಿತು.

ಮೂರನೆಯ ಮೆಟ್ಟಿಲು ಒಕ್ಕೂಟ. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಹುಟ್ಟಿದವು. ಪಾಯಿಂಟ್ಸ್, ಲೌಂಜ್, ಒಂದೇ ಟರ್ಮಿನಲ್ ಇತ್ಯಾದಿ ಅನುಕೂಲ. ಒಕ್ಕೂಟದ ಮೇಲೆ ಅತಿ ನಂಬಿಕೆ ಇಡಬೇಕಿಲ್ಲ. ಸ್ಕಾಂಡಿನೇವಿಯಾದ ಎಸ್‌ಎಎಸ್, ಸ್ಟಾರ್ ಅಲಯನ್ಸ್ ಕಟ್ಟಿದವರಲ್ಲೇ ಒಂದು, 2024ರಲ್ಲಿ ಎದುರಾಳಿ ಸ್ಕೈಟೀಮ್‌ಗೆ ಹೋಯಿತು.

ನಾಲ್ಕನೆಯದು ಜಂಟಿ ವ್ಯಾಪಾರ. ಒಂದು ಮಾರ್ಗದಲ್ಲಿ ಯಾರ ವಿಮಾನ ಹಾರಿದರೂ ಬಂದ ದುಡ್ಡನ್ನು ಒಟ್ಟು ಹಾಕಿ ಹಂಚಿಕೊಳ್ಳುವುದು. ಅಮೆರಿಕದ ನಾರ್ತ್‌ವೆಸ್ಟ್ ಮತ್ತು ನೆದರ್ಲೆಂಡ್ಸ್‌ನ ಕೆಎಲ್‌ಎಂ ಅಮೆರಿಕ ಸರ್ಕಾರದ ಅನುಮತಿ ಪಡೆದು 1993ರಲ್ಲಿ ದಾರಿ ತೋರಿಸಿದವು. ಅನುಮತಿ ಏಕೆಂದರೆ, ದರವನ್ನು ಕೂಡಿ ನಿಗದಿ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ. ಅಮೆರಿಕನ್ ಮತ್ತು ಜೆಟ್‌ಬ್ಲೂ ಕಂಪನಿಗಳ ಇಂಥ ಹೊಂದಾಣಿಕೆಯೊಂದನ್ನು ಅಲ್ಲಿನ ನ್ಯಾಯಾಲಯ 2023ರಲ್ಲಿ ತಳ್ಳಿಹಾಕಿತು.

ಇನ್ನು ವಿಲೀನ. ಇಲ್ಲಿ ಕೊಳ್ಳುವುದು ವಿಮಾನ ಮಾತ್ರವಲ್ಲ. ಪೈಲಟ್‌ಗಳು, ದೊಡ್ಡ ನಿಲ್ದಾಣಗಳ ಸ್ಲಾಟ್ ಅಂದರೆ ಇಳಿದೇರುವ ಹೊತ್ತು, ವಿದೇಶಕ್ಕೆ ಹಾರುವ ಹಕ್ಕು. ಕಿಂಗ್‌ಫಿಷರ್ ಏರ್ ಡೆಕ್ಕನ್ನನ್ನು ಸೇರಿಸಿಕೊಂಡದ್ದರ ಹಿಂದೆ ಇದೇ ಲೆಕ್ಕ ಇತ್ತು. ಆಗ ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ 5 ವರ್ಷ ಹಾರಿರಬೇಕು, 20 ವಿಮಾನ ಇರಬೇಕು ಎಂಬ ನಿಯಮ. 2003ರಲ್ಲೇ ಆರಂಭವಾಗಿದ್ದ ಡೆಕ್ಕನ್‌ನ ವಯಸ್ಸು ಕಿಂಗ್‌ಫಿಷರ್‌ಗೆ ಸಿಕ್ಕಿತು, 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಹಾರಾಟ ಶುರುವಾಯಿತು. ಹಕ್ಕು ಸಿಕ್ಕಿತು, ಹಾರಿಸುವ ದುಡ್ಡು ಉಳಿಯಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಕಂಪನಿ ನಿಂತಿತು. ಅಗ್ಗದ ಟಿಕೆಟ್ಟಿನ ಕಂಪನಿಯನ್ನೂ ಐಷಾರಾಮದ ಕಂಪನಿಯನ್ನೂ ಒಂದೇ ಚಾವಣಿಯ ಕೆಳಗೆ ತಂದರೆ ಎರಡರ ಗಿರಾಕಿಯೂ ಗೊಂದಲಕ್ಕೆ ಬೀಳುತ್ತಾನೆ ಎಂಬುದು ಆಗಲೇ ಗೊತ್ತಾಗಬೇಕಿತ್ತು.

2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಾಗದದಲ್ಲಿ ಚಂದದ ಜೋಡಿ. ಒಂದಕ್ಕೆ ವಿದೇಶದ ಮಾರ್ಗ, ಇನ್ನೊಂದಕ್ಕೆ ದೇಶದೊಳಗಿನ ಮಾರ್ಗ. ಆದರೆ ಎಐ ಮತ್ತು ಐಸಿ ಎಂಬ ಎರಡು ಸಂಕೇತಗಳು 2011ರವರೆಗೂ ಬೇರೆ ಬೇರೆಯಾಗಿಯೇ ಇದ್ದವು. ಎರಡು ಕಡೆಯ ಪೈಲಟ್‌ಗಳ ಸಂಬಳ, ಬಡ್ತಿಯ ತಕರಾರು ಮುಷ್ಕರದವರೆಗೂ ಹೋಯಿತು. ಸ್ಟಾರ್ ಅಲಯನ್ಸ್ ಸೇರಲು 2014ರ ಜುಲೈವರೆಗೆ ಕಾಯಬೇಕಾಯಿತು.

ಏರ್ ಇಂಡಿಯಾದೊಂದಿಗೆ ವಿಸ್ತಾರಾ ಕಂಪನಿಯ ವಿಲೀನ ಇದಕ್ಕಿಂತ ಅಚ್ಚುಕಟ್ಟು. 2022ರ ನವೆಂಬರ್‌ನಲ್ಲಿ ಘೋಷಣೆ, ಸ್ಪರ್ಧಾ ಆಯೋಗ, ಕಂಪನಿ ನ್ಯಾಯಮಂಡಳಿಗಳ ಒಪ್ಪಿಗೆ, 2024ರ ನವೆಂಬರ್ 12ರಂದು ಒಂದೇ ಕಂಪನಿ. ಸಿಂಗಾಪುರ್ ಏರ್‌ಲೈನ್ಸ್‌ಗೆ ಶೇಕಡಾ 25.1 ಪಾಲು. ವಿಸ್ತಾರಾದ ವಿಮಾನಗಳ ನಂಬರಿಗೆ ಮುಂದೊಂದು 2 ಸೇರಿಸಿದರು. ಯುಕೆ 955 ಇದ್ದದ್ದು ಎಐ 2955 ಆಯಿತು. ಅಷ್ಟಾದರೂ ಮಧ್ಯದಲ್ಲಿ, 2024ರ ಏಪ್ರಿಲ್‌ನಲ್ಲಿ, ಹೊಸ ಸಂಬಳದ ಕ್ರಮ ಒಪ್ಪದ ಪೈಲಟ್‌ಗಳಿಂದಾಗಿ ವಿಸ್ತಾರಾ ದಿನಕ್ಕೆ 25ರಿಂದ 30 ಹಾರಾಟ ಕಡಿತ ಮಾಡಬೇಕಾಯಿತು. ವಿಲೀನದಲ್ಲಿ ವಿಮಾನಕ್ಕೆ ಬಣ್ಣ ಬಳಿಯುವುದು ಸುಲಭ. ಪೈಲಟ್‌ಗಳ ಹಿರಿತನದ ಪಟ್ಟಿ ಒಂದು ಮಾಡುವುದು ಕಷ್ಟ, ಬುಕಿಂಗ್ ವ್ಯವಸ್ಥೆ ಬದಲಿಸುವುದು ಇನ್ನೂ ಕಷ್ಟ. ಅಮೆರಿಕದಲ್ಲಿ ಒಂದಾದ ಯುನೈಟೆಡ್ ಮತ್ತು ಕಾಂಟಿನೆಂಟಲ್ ಕಂಪನಿಗಳು 2012ರ ಮಾರ್ಚ್‌ನಲ್ಲಿ ವ್ಯವಸ್ಥೆ ಬದಲಿಸಿದಾಗ ಕೌಂಟರುಗಳಲ್ಲಿ ಸಾಲು ಕರಗಲಿಲ್ಲ, ವಿಮಾನಗಳು ತಡವಾದವು.

ನಮ್ಮಂಥ ಅಂಚಿನ ಊರಿನವರಿಗೆ ಯಾವುದು ಒಳ್ಳೆಯದು? ನನ್ನ ಮಟ್ಟಿಗೆ ಪಾಲುದಾರಿಕೆಯೇ ಮೇಲು. ವಿಲೀನವಾದ ಕಂಪನಿ ಮೊದಲು ಮಾಡುವ ಕೆಲಸವೇ ಎರಡು ಕಡೆ ಹಾರುತ್ತಿದ್ದ ಮಾರ್ಗಗಳನ್ನು ಒಂದು ಮಾಡುವುದು, ಚಿಕ್ಕ ಕೇಂದ್ರ ಮುಚ್ಚುವುದು. ಅಮೆರಿಕದ ಡೆಲ್ಟಾ ಕಂಪನಿ ನಾರ್ತ್‌ವೆಸ್ಟನ್ನು ಕೊಂಡ ಮೇಲೆ ಮೆಂಫಿಸ್ ಕೇಂದ್ರ 2013ರಲ್ಲಿ ಮುಚ್ಚಿತು. ಯುನೈಟೆಡ್‌ನ ಕ್ಲೀವ್‌ಲ್ಯಾಂಡ್ ಕೇಂದ್ರದ ಗತಿ 2014ರಲ್ಲಿ ಅದೇ ಆಯಿತು. ಪಾಲುದಾರಿಕೆಗೆ ಹಾಗಲ್ಲ, ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಹೊರಡುವ ಸಣ್ಣ ವಿಮಾನವೇ ದೂರದ ವಿಮಾನಕ್ಕೆ ಜನ ತಂದುಕೊಡುವುದರಿಂದ ಅದನ್ನು ಉಳಿಸಿಕೊಳ್ಳಲು ಇಬ್ಬರಿಗೂ ಕಾರಣ ಇರುತ್ತದೆ. ಹಾಗೆಂದು ಪಾಲುದಾರ ಕಾಪಾಡುತ್ತಾನೆ ಎಂದೂ ಅಲ್ಲ. 2013ರಲ್ಲಿ ಜೆಟ್ ಏರ್‌ವೇಸ್‌ನ ಶೇಕಡಾ 24 ಪಾಲನ್ನು ಅಬುಧಾಬಿಯ ಎತಿಹಾದ್ ಕೊಂಡಿತ್ತು. ಆದರೂ 2019ರ ಏಪ್ರಿಲ್ 17ರ ರಾತ್ರಿ ಜೆಟ್ ಕೊನೆಯ ಸಲ ಹಾರಿತು.

ಈಗ ಟಿಕೆಟ್ ಕೈಗೆ ತೆಗೆದುಕೊಳ್ಳಿ. ಮೊದಲು ‘ಆಪರೇಟೆಡ್ ಬೈ’ ಎಂಬ ಸಣ್ಣ ಅಕ್ಷರ ಹುಡುಕಿ. ಅಲ್ಲಿ ಯಾರ ಹೆಸರಿದೆಯೋ ಚೆಕ್‌ಇನ್ ಕೌಂಟರ್ ಅವರದು, ಟರ್ಮಿನಲ್ ಅವರದು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇರುವುದರಿಂದ ಇದು ಮುಖ್ಯ. ವೆಬ್ ಚೆಕ್‌ಇನ್‌ಗೆ ಹಾರಿಸುವ ಕಂಪನಿಯ ಪಿಎನ್‌ಆರ್ ಬೇರೆಯೇ ಇರಬಹುದು. ಏಜೆಂಟರಿಂದ ಕೇಳಿ ಪಡೆಯಿರಿ. ನಂತರ 13 ಅಂಕಿಯ ಟಿಕೆಟ್ ನಂಬರ್ ನೋಡಿ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು. 098 ಏರ್ ಇಂಡಿಯಾ, 157 ಕತಾರ್, 176 ಎಮಿರೇಟ್ಸ್. ದಾರಿ ಪೂರ್ತಿಗೆ ಒಂದೇ ಬುಕಿಂಗ್ ಇದ್ದರೆ ಒಂದು ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನ ಕೊಡುವುದು ಕಂಪನಿಯ ಹೊಣೆ. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಆ ಹೊಣೆ ನಿಮ್ಮದೇ.

ಲಗೇಜಿನಲ್ಲೂ ಹಾಗೆಯೇ. ಅಮೆರಿಕಕ್ಕೆ ಓದಲು ಹೋಗುವ ಮಗನಿಗೆ 23 ಕೆಜಿಯ ಎರಡು ಪೆಟ್ಟಿಗೆ ಬಿಡುವ ಟಿಕೆಟ್ ಇದೆ ಎಂದುಕೊಳ್ಳಿ. ಮಂಗಳೂರಿನಿಂದಲೇ ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಆ 46 ಕೆಜಿ ಮೊದಲ ವಿಮಾನಕ್ಕೂ ಅನ್ವಯಿಸುತ್ತದೆ. ಮಂಗಳೂರು–ಮುಂಬೈ ಬೇರೆ ಟಿಕೆಟ್ ಮಾಡಿಸಿದ್ದರೆ ದೇಶದೊಳಗಿನ ಮಿತಿ ಸಾಮಾನ್ಯವಾಗಿ 15 ಕೆಜಿ. ಉಳಿದ 31 ಕೆಜಿಗೆ ಕೌಂಟರಿನಲ್ಲೇ ದುಡ್ಡು ಎಣಿಸಬೇಕು. ಅಗ್ಗಕ್ಕೆ ಸಿಕ್ಕ ಟಿಕೆಟ್ಟಿನ ಉಳಿತಾಯ ಅಲ್ಲಿಗೇ ಹೋಯಿತು.

ಪೆಟ್ಟಿಗೆ ಕೊಟ್ಟ ಮೇಲೆ ಅದಕ್ಕೆ ಕಟ್ಟಿದ ಪಟ್ಟಿ ಓದಿ. ದೊಡ್ಡದಾಗಿ ಬರೆದ ಮೂರು ಅಕ್ಷರ ನಿಮ್ಮ ಕೊನೆಯ ಊರಿನದಾಗಿರಬೇಕು. ಟೊರಾಂಟೊ ಆದರೆ ವೈವೈಜೆಡ್. ವಾಪಸ್ ಬರುವಾಗ ಬೆಂಗಳೂರಿನಲ್ಲಿ ಇಳಿದು ಮಂಗಳೂರಿಗೆ ವಿಮಾನ ಬದಲಿಸುವವರು ಪಟ್ಟಿಯಲ್ಲಿ ಮಂಗಳೂರಿನ ಐಎಕ್ಸ್‌ಇ ಇದೆಯೆಂದು ಸುಮ್ಮನಿರಬಾರದು; ಕಸ್ಟಮ್ಸ್‌ಗಾಗಿ ಪೆಟ್ಟಿಗೆಯನ್ನು ಬೆಂಗಳೂರಿನಲ್ಲೇ ಎತ್ತಿಕೊಳ್ಳಬೇಕೇ ಎಂದು ಹೊರಟ ಊರಿನ ಕೌಂಟರಿನಲ್ಲೇ ಕೇಳಿಕೊಳ್ಳಿ. ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದಿದ್ದರೆ ನಿಲ್ದಾಣದಿಂದ ಹೊರಗೆ ಬರುವ ಮುನ್ನ, ನಿಮ್ಮನ್ನು ಅಲ್ಲಿಗೆ ತಂದಿಳಿಸಿದ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ ನಂಬರ್ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಡೆದ ಪೆಟ್ಟಿಗೆಗೆ 7 ದಿನದೊಳಗೆ, ತಡವಾಗಿ ಬಂದ ಪೆಟ್ಟಿಗೆಗೆ ಅದು ಕೈ ಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬೋರ್ಡಿಂಗ್ ಪಾಸಿನ ತುಂಡನ್ನೂ ಪೆಟ್ಟಿಗೆಯ ಚೀಟಿಯನ್ನೂ ಅಲ್ಲಿಯವರೆಗೆ ಎಸೆಯಬೇಡಿ.

ನಮಸ್ಕಾರ.